ಹಳೆಯ ಡೀಸೆಲ್ ಪಂಪ್‌ಸೆಟ್ಟಿನ 6 ಮಿ.ಮೀ. ತಾಮ್ರದ ಕೊಳವೆಗೆ ಫಿಟಿಂಗ್ ಶಿರಸಿಯಲ್ಲಿ ಸಿಗುತ್ತಿಲ್ಲ. ಹುಬ್ಬಳ್ಳಿಗೆ ಹೋಗಬೇಕೇ, ಆನ್‌ಲೈನ್‌ನಲ್ಲಿ ತರಿಸಬೇಕೇ?

ಎರಡೂ ಬೇಡ. ಇದೇ 6 ಮಿ.ಮೀ. ಕೊಳವೆಯ ದೆಸೆಯಿಂದ ನಾನು ನಡುಸಮುದ್ರದಲ್ಲಿ ಇನ್ನೊಬ್ಬರ ಬೋಟಿಗೆ ಹಗ್ಗ ಕಟ್ಟಿಸಿಕೊಂಡು ದಡ ಸೇರಿದವನು.

ನಮ್ಮದು ಕಾರವಾರದ ಬೈತಖೋಲ್‌ನಲ್ಲಿ ಒಂದು ಬೋಟು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲೇ ಎಂಜಿನ್ ಕೆಲಸವೆಲ್ಲ ಮುಗಿಯಬೇಕು. ಟ್ಯಾಂಕಿನಿಂದ ಫೀಡ್ ಪಂಪಿಗೆ, ಅಂದರೆ ಎಂಜಿನ್ನಿಗೆ ಡೀಸೆಲ್ ಎಳೆದುಕೊಡುವ ಪಂಪಿಗೆ, ಹೋಗುವ ತಾಮ್ರದ ಕೊಳವೆಯ ಜೋಡಣೆ ಸವೆದಿತ್ತು. ಜುಲೈ ಕೊನೆಯ ವಾರ, ಧೋ ಎಂದು ಮಳೆ. ಅಂಗಡಿಗೆ ಓಡಿ, “ಕಾಲು ಇಂಚಿನದು ಕೊಡಿ” ಎಂದೆ.

ಆ ಮಾತೇ ನನ್ನನ್ನು ಕೆಡಿಸಿದ್ದು. ಫ್ರಿಜ್ ರಿಪೇರಿಯವರಿಗೆ ಕಾಲು ಇಂಚು ಎಂದರೆ ಕೊಳವೆಯ ಹೊರ ವ್ಯಾಸ, 6.35 ಮಿ.ಮೀ. ನಲ್ಲಿ ಸಾಮಾನಿನವರಿಗೆ ಅದು ಥ್ರೆಡ್ಡಿನ ಹೆಸರು. ಅಳೆದರೆ ಆ ಥ್ರೆಡ್ಡು 13 ಮಿ.ಮೀ. ದಾಟುತ್ತದೆ. ನನ್ನ ಕೊಳವೆ ಎರಡೂ ಅಲ್ಲ, ಸರಿಯಾಗಿ 6 ಮಿ.ಮೀ. ಕೈಗೆ ಬಂದ ಫೆರೂಲು, ಅಂದರೆ ಆ ಹಿತ್ತಾಳೆಯ ಉಂಗುರ, 6.35ರದ್ದು. ಕೊಳವೆಯ ಮೇಲೆ ಸರಾಗವಾಗಿ ಜಾರಿದ್ದಕ್ಕೆ ಖುಷಿಪಟ್ಟೆ. ಸರಿಯಾದ ಫೆರೂಲೂ ಜಾರುತ್ತದೆ, ಆದರೆ ವಾಲುವುದಿಲ್ಲ. ಇದು ಸೊರಗಿದ ಬೆರಳಿನ ಉಂಗುರದಂತೆ ಅತ್ತಿತ್ತ ವಾಲುತ್ತಿತ್ತು. ಟೆಫ್ಲಾನ್ ಟೇಪು ಸುತ್ತಿ ಬಿಗಿದೆ. ಇಂಥ ಜೋಡಣೆಯಲ್ಲಿ ಸಂದು ಮುಚ್ಚುವುದು ಫೆರೂಲು. ಥ್ರೆಡ್ಡಿಗೆ ಟೇಪು ಸುತ್ತಿ ಏನು ಬಂತು? ಒಂದು ಹನಿಯೂ ಸೋರಲಿಲ್ಲ, ಗೆದ್ದೆ ಎಂದುಕೊಂಡೆ. ನಮ್ಮ ಬೋಟಿನಲ್ಲಿ ಟ್ಯಾಂಕು ಕೆಳಗಿದೆ, ಪಂಪು ಡೀಸೆಲನ್ನು ಎಳೆದುಕೊಳ್ಳುತ್ತದೆ. ಎಳೆಯುವ ಕೊಳವೆಯಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ.

ನಿಷೇಧ ಮುಗಿದು ಕಡಲಿಗಿಳಿದು, ಕಾರವಾರದ ಎದುರಿನ ದೇವಗಡ ದೀಪಸ್ತಂಭ ದಾಟಿದ ಮೇಲೆ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿದರೆ ಉಕ್ಕುವ ಹಾಲಿನಂತೆ ನೊರೆ. ಗಾಳಿ ತೆಗೆದು ಚಾಲೂ ಮಾಡಿದರೆ ಹತ್ತು ನಿಮಿಷ, ಮತ್ತೆ ನೊರೆ. ದಡದಲ್ಲಿ ಬಿಚ್ಚಿ ನೋಡಿದರೆ ಫೆರೂಲು ಕೊಳವೆಯನ್ನು ಒಂದೇ ಮಗ್ಗುಲಿಗೆ ಕಚ್ಚಿತ್ತು. ಇನ್ನೊಂದು ಮಗ್ಗುಲಲ್ಲಿ ಗೀರೂ ಇರಲಿಲ್ಲ.

ನಿಮ್ಮ ಪಂಪ್‌ಸೆಟ್ಟಿನ ಟ್ಯಾಂಕು ಎಂಜಿನ್ನಿನ ಮೇಲಿದ್ದರೆ ಸೋರಿಕೆ ಕಣ್ಣಿಗೆ ಕಾಣುತ್ತದೆ, ಅಷ್ಟು ಪುಣ್ಯ. ಆದರೂ 6 ಮಿ.ಮೀ. ಫಿಟಿಂಗಿಗಾಗಿ ಊರೂರು ಅಲೆಯಬೇಡಿ, ಕೊಳವೆಯನ್ನೇ ಬದಲಿಸಿ. ನಾನು ಕೊನೆಗೆ ಮಾಡಿದ್ದೂ ಅದನ್ನೇ. ಕಾಲು ಇಂಚಿನ ಮೆದು ತಾಮ್ರದ ಸುರುಳಿ, ಫ್ಲೇರ್ ನಟ್ಟು (ಬಾಯಿ ಅರಳಿಸಿದ ಕೊಳವೆಯನ್ನು ಬಿಗಿಯುವ ನಟ್ಟು), ಯೂನಿಯನ್ನು (ಎರಡು ಕೊಳವೆ ಸೇರಿಸುವ ತುಂಡು), ಇವೆಲ್ಲ ಎಸಿ, ಫ್ರಿಜ್ ಮೆಕ್ಯಾನಿಕ್ಕುಗಳ ನಿತ್ಯದ ಸಾಮಾನು. ಶಿರಸಿಯಲ್ಲಿ ಅವರಿಗೇನು ಬರವೇ? ಹಳೆಯ ಕೊಳವೆಯ ಎರಡು ತುದಿಗಳ ಹಿತ್ತಾಳೆ ತುಂಡುಗಳ ರಂಧ್ರವನ್ನು ಲೇತ್‌ನವರಿಂದ ಕೂದಲೆಳೆಯಷ್ಟು ಹಿಗ್ಗಿಸಿ, ಹೊಸ ಕೊಳವೆಗೆ ಬ್ರೇಜಿಂಗ್ ಬೆಸುಗೆ ಮಾಡಿಸಿ, ನಡುವೆ ಒಂದು ಫ್ಲೇರ್ ಯೂನಿಯನ್ನು ಹಾಕಿ. ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ ಹೋಗುವ ದಪ್ಪ ಗೋಡೆಯ ಕೊಳವೆ ಮಾತ್ರ ಉಕ್ಕಿನದು, ಅದರ ತಂಟೆ ಬೇಡ. ಆನ್‌ಲೈನ್ ಚಿತ್ರ ನೋಡಿ 0.35 ಮಿ.ಮೀ. ವ್ಯತ್ಯಾಸ ಹಿಡಿಯುವ ಕಣ್ಣು ನನಗಂತೂ ಇಲ್ಲ.

ಇನ್ನೊಂದು: ಫ್ಲೇರ್ ಹೊಡೆಯುವ ಮೊದಲು ನಟ್ಟನ್ನು ಕೊಳವೆಗೆ ತೂರಿಸಿಕೊಂಡಿರಿ. ಬಾಯಿ ಅರಳಿದ ಮೇಲೆ ಅದು ಒಳಗೆ ಹೋಗುವುದಿಲ್ಲ. ನಾನು ಎರಡು ಸಲ ಮರೆತಿದ್ದೇನೆ.