ಪುಣೆಯಲ್ಲಿ ‘ಘೋರ್ಪಡ್’ ಅಂತಾರಲ್ಲ, ಅದು ಯಾವ ಪ್ರಾಣಿ?

ನಮ್ಮ ಉಡವೇ ಮರಾಠಿಯ ಘೋರ್ಪಡ್. ಗೋಡೆ ಮೇಲಿನ ಹಲ್ಲಿಗೆ ಇಲ್ಲಿ ಪಾಲ್ ಅಂತಾರೆ, ಬೇಲಿ ಮೇಲೆ ತಲೆ ಆಡಿಸುವ ಓತಿಕ್ಯಾತಕ್ಕೆ ಸರಡಾ. ಘೋರ್ಪಡ್ ಇವೆರಡಕ್ಕಿಂತ ತುಂಬಾ ದೊಡ್ಡದು. ಬಾಲ ಸೇರಿ ಒಂದೂವರೆ ಮೀಟರ್ ದಾಟುವುದೂ ಉಂಟು. ಹಾವಿನ ಹಾಗೆ ಸೀಳುನಾಲಿಗೆ ಚಾಚುತ್ತಾ ನಡೆಯುತ್ತದೆ.

ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಹೋದರೆ ಈ ಪದ ಕಿವಿಗೆ ಬಿದ್ದೇ ಬೀಳುತ್ತದೆ. 1670ರಲ್ಲಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಈ ಕೋಟೆ ಹತ್ತಿದ್ದು ಯಶವಂತಿ ಎಂಬ ಉಡಕ್ಕೆ ಹಗ್ಗ ಕಟ್ಟಿ ಅಂತ ಕಥೆ. ಈ ಕಥೆಯನ್ನು ಹಾಡುವವರು ಸ್ವಲ್ಪ ಒಗ್ಗರಣೆ ಹಾಕಿದ್ದಾರೆ ಅಂತ ನನ್ನ ಅನಿಸಿಕೆ. ಆದರೆ ಬಂಡೆಯ ಬಿರುಕಿನಲ್ಲಿ ಉಗುರು ಊರಿ, ಮೈ ಉಬ್ಬಿಸಿ ಕೂತ ಉಡವನ್ನು ಎಳೆದು ತೆಗೆಯುವುದು ಕಷ್ಟ, ಅದು ನಿಜ. ನಾವೂ ‘ಉಡದ ಪಟ್ಟು’ ಅಂತೀವಲ್ವಾ?

ಘೋರ್ಪಡೆ ಅನ್ನುವ ಮನೆತನದ ಹೆಸರಿಗೂ ಇಂಥದೇ ಕೋಟೆ ಹತ್ತಿದ ಕಥೆ ಹೇಳುತ್ತಾರೆ. ಮುಧೋಳ, ಸಂಡೂರು ಆಳಿದವರು ಘೋರ್ಪಡೆಗಳೇ. ಹಾಗಾಗಿ ಹೆಸರು ನಮಗೇನೂ ಹೊಸದಲ್ಲ.

ಅತ್ತ ಗೋವಾದಲ್ಲಿ ಘುಮಟ್ ಅನ್ನುವ ಮಣ್ಣಿನ ವಾದ್ಯದ ಬಾಯಿಗೆ ಮೊದಲು ಉಡದ ಚರ್ಮವನ್ನೇ ಬಿಗಿಯುತ್ತಿದ್ದರು. ಈಗ ಆಡಿನ ಚರ್ಮ. 1972ರ ವನ್ಯಜೀವಿ ಕಾಯ್ದೆಯಡಿ ಉಡ ಹಿಡಿಯುವುದು, ಕೊಲ್ಲುವುದು ಅಪರಾಧ. ಪೂಜೆಗೆಂದು ‘ಹಥಾ ಜೋಡಿ’ ಬೇರು ಮಾರುತ್ತಾರಲ್ಲ, ಅದೂ ಎಷ್ಟೋ ಸಲ ಗಂಡು ಉಡದ ಜನನಾಂಗ! ಕೊಳ್ಳಬೇಡಿ.

ಉಡವೇನಾದರೂ ನಿಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕಂಡರೆ ಕೋಲು ಹಿಡಿಯಬೇಡಿ. ಸುಮ್ನೆ ದಾರಿ ಬಿಟ್ಟರೆ ಅದೇ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.