ಶೂರ ಯೋಧನ ಕೈಯಿಂದಲೇ ಕತ್ತಿ ಜಾರುವುದು ಯಾಕೆ?

ಈ ಸಲದ ಪ್ರಶ್ನೆಗಳೆಲ್ಲ ಒಂದೇ ವಿಷಯದ್ದು: ಟೇಬಲ್ ಸುತ್ತ ಕೂತು ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟದ ನಿಯಮಗಳನ್ನು ನಾವೇ ತಿದ್ದಿ ಬರೆಯುವುದು ಹೇಗೆ? ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಬ್ಬರು ಕಥೆ ನಡೆಸುತ್ತಾರೆ, ಅವರೇ ಗೇಮ್ ಮಾಸ್ಟರ್. ಉಳಿದವರು ಯೋಧ, ಮಂತ್ರವಾದಿ, ಕಳ್ಳ ಅಂತ ಒಂದೊಂದು ಪಾತ್ರ ಹಿಡಿಯುತ್ತಾರೆ. ಏಟು ಬಿತ್ತಾ ತಪ್ಪಿತಾ ಅನ್ನುವುದನ್ನು ದಾಳ ಹೇಳುತ್ತದೆ.

ಪ್ರಶ್ನೆ: ಎರಡು ವರ್ಷದಿಂದ ನಾನೇ ಗೇಮ್ ಮಾಸ್ಟರ್. ಒಂದು ಕಾಳಗ ಶುರುವಾದರೆ ಗಂಟೆಗಟ್ಟಲೆ ಎಳೆಯುತ್ತದೆ. ಬೇಸತ್ತು ಹೊಸ ನಿಯಮ ಬರೆಯಲು ಕೂತೆ, ಈಗ 60 ಪುಟ ಆಗಿದೆ. ಗೆಳೆಯರು ಓದುತ್ತಲೇ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಆ 60 ಪುಟದಲ್ಲೇ. ಬೇಜಾರು ಮಾಡಿಕೊಳ್ಳಬೇಡಿ, ನಿಯಮ ತಿದ್ದಲು ಹೊರಟವರು ಮೊದಲು ಬರೆಯುವುದು ದಪ್ಪ ಪುಸ್ತಕವನ್ನೇ. ಆದರೆ ನಿಮ್ಮ ತೊಂದರೆ ಒಂದೇ, ಕಾಳಗ ಉದ್ದವಾಗುತ್ತಿದೆ. ಅದಕ್ಕೆ ಹೊಸ ದೇವತೆಗಳು, ಹೊಸ ಕುಲಗಳು, ಹೊಸ ಮಂತ್ರಗಳ ಪಟ್ಟಿ ಯಾಕೆ ಬೇಕಿತ್ತು?

ಮುಂದಿನ ಸಲ ಗಡಿಯಾರ ಇಟ್ಟುಕೊಂಡು ಆಡಿ. ಸಮಯ ಎಲ್ಲಿ ಸೋರುತ್ತಿದೆ ಅಂತ ಮೊದಲು ಗೊತ್ತಾಗಲಿ. ಒಂದು ಲೆಕ್ಕ ಹಾಕೋಣ. ಎದುರಿಗಿರುವ ರಾಕ್ಷಸನಿಗೆ 70 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ತಿಂದರೆ ಅವನು ಬೀಳುತ್ತಾನೆ. ನಿಮ್ಮವರು ನಾಲ್ಕು ಜನ, ಬಿದ್ದ ಏಟಿಗೆ ಸರಾಸರಿ 7 ಪಾಯಿಂಟ್, ಆದರೆ ಏಟು ಬೀಳುವುದು ಅರ್ಧ ಸಲ ಮಾತ್ರ. ಅಂದರೆ ಒಂದು ಪ್ರಯತ್ನಕ್ಕೆ ಮೂರೂವರೆ ಪಾಯಿಂಟ್. 20 ಪ್ರಯತ್ನ ಬೇಕು, ಐದು ಸುತ್ತು. ಆಟಗಾರರಿಗೆ ತಲಾ ಎರಡು ನಿಮಿಷ, ನಿಮಗೆ ನಾಲ್ಕು ನಿಮಿಷ ಅಂತಿಟ್ಟರೆ ಸುತ್ತಿಗೆ 12 ನಿಮಿಷ, ಅಲ್ಲಿಗೆ ಒಂದು ಗಂಟೆ ಆಯಿತು. ಈಗ ಏಟು ಬೀಳುವ ಸಾಧ್ಯತೆಯನ್ನು ನೂರಕ್ಕೆ 50ರಿಂದ 70ಕ್ಕೆ ಏರಿಸಿ ನೋಡಿ, ನಾಲ್ಕು ಸುತ್ತಿನೊಳಗೆ ರಾಕ್ಷಸ ಮಲಗುತ್ತಾನೆ. ಅವನಿಗೆ ಸಿಗುವ ಸರದಿಯೂ ಕಡಿಮೆಯಾಗುವುದರಿಂದ ಅವನ ಪೆಟ್ಟನ್ನೂ ಸ್ವಲ್ಪ ಜೋರು ಮಾಡಿ, ಇಲ್ಲದಿದ್ದರೆ ಭಯವೇ ಹೋಗಿಬಿಡುತ್ತದೆ. ಏಟು ಬಿತ್ತಾ ಅಂತ ಹೇಳುವ ದಾಳ, ಪೆಟ್ಟು ಎಷ್ಟು ಅಂತ ಹೇಳುವ ದಾಳ ಎರಡನ್ನೂ ಒಟ್ಟಿಗೇ ಉರುಳಿಸಲು ಹೇಳಿ. ಸರದಿ ಬಂದ ಮೇಲೆ ಯೋಚನೆ ಶುರು ಮಾಡುವವರು ಒಬ್ಬರಾದರೂ ಎಲ್ಲ ಗುಂಪಿನಲ್ಲೂ ಇರುತ್ತಾರೆ (ನಮ್ಮ ಗುಂಪಿನಲ್ಲಿ ಅದು ನಾನೇ), ಅವರಿಗೆ ಹಿಂದಿನವರ ಸರದಿಯಲ್ಲೇ ಒಂದು ಮಾತು ನೆನಪಿಸಿ.

ಗಣಿತ ಹಾಗೇ ಇದ್ದರೂ ಆಟ ಹಗುರಾಗಬಹುದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಇಂಥದ್ದೇ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಕವಚದ ಅಂಕಿ ಕಡಿಮೆಯಾದಷ್ಟೂ ಕವಚ ಗಟ್ಟಿ. 1989ರ ಎರಡನೇ ಆವೃತ್ತಿಯಲ್ಲೂ ಅದೇ ಉಲ್ಟಾ ಲೆಕ್ಕ, ಪ್ರತಿ ಏಟಿಗೂ ಕಳೆಯಬೇಕಿತ್ತು, ಅದೂ ಕೆಲವು ಸಲ ಸೊನ್ನೆಗಿಂತ ಕೆಳಗಿನ ಅಂಕಿಯನ್ನು. 2000ದಲ್ಲಿ ಮೂರನೇ ಆವೃತ್ತಿ ಬಂದಾಗ ಅದನ್ನು ತಿರುಗಿಸಿದರು. ಅಂಕಿ ಜಾಸ್ತಿ ಇದ್ದರೆ ಕವಚ ಗಟ್ಟಿ, ದಾಳಕ್ಕೆ ಬೋನಸ್ ಕೂಡಿಸಿ, ಕವಚದ ಅಂಕಿ ಮುಟ್ಟಿದರೆ ಏಟು ಬಿತ್ತು. ಏಟು ಬೀಳುವ ಸಾಧ್ಯತೆಗೂ ಈ ತಿರುಗಿಸುವಿಕೆಗೂ ಸಂಬಂಧವೇ ಇಲ್ಲ. ಕಳೆಯುವುದು ಹೋಗಿ ಕೂಡುವುದು ಬಂತು, ಅಷ್ಟೇ.

ಹಾಗಾಗಿ ಆ 60 ಪುಟವನ್ನು ಪಕ್ಕಕ್ಕಿಡಿ. ಒಂದು ನಿಯಮ ಬದಲಿಸಿ, ಮೂರು ಸಲ ಆಡಿ, ಆಮೇಲೆ ಇನ್ನೊಂದು. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ.

ಪ್ರಶ್ನೆ: ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಕತ್ತಿ ಕೈ ಜಾರಬೇಕು ಅನ್ನುವ ನಿಯಮ ತಂದೆ. ಮೊದಲು ಎಲ್ಲರೂ ನಕ್ಕರು, ಈಗ ಯೋಧನ ಪಾತ್ರ ಮಾಡುವವರು ಮುನಿಸಿಕೊಂಡಿದ್ದಾರೆ. ನಿಯಮ ಎಲ್ಲರಿಗೂ ಒಂದೇ ಅಲ್ವಾ?

ಉತ್ತರ: ಹಾಗೆ ಕಾಣುತ್ತದೆ, ಅಷ್ಟೇ. ನಾನೂ ಇದನ್ನು ತಂದಿದ್ದೆ, ಕಾಳಗಕ್ಕೆ ರಂಗೇರಲಿ ಅಂತ. ಮೂರನೇ ದಿನ ನಮ್ಮ ಯೋಧೆ, ಕತ್ತಿಯ ಹಿಡಿಗೆ ಹಗ್ಗ ಕಟ್ಟಿ ಮಣಿಕಟ್ಟಿಗೆ ಬಿಗಿದುಕೊಂಡಿದ್ದೇನೆ ಅಂತ ಕ್ಯಾರೆಕ್ಟರ್ ಶೀಟ್‌ನಲ್ಲಿ ಬರೆದುಕೊಂಡೇ ಬಂದಳು. ಆಗ ಕೂತು ಲೆಕ್ಕ ಹಾಕಿದೆ.

ಹೊಸಬ ಒಂದು ಸರದಿಯಲ್ಲಿ ಒಂದು ಸಲ ಹೊಡೆಯುತ್ತಾನೆ, 1 ಬೀಳುವ ಸಾಧ್ಯತೆ ನೂರಕ್ಕೆ 5. ಪಳಗಿದ ಯೋಧ ಅದೇ ಸರದಿಯಲ್ಲಿ ನಾಲ್ಕು ಸಲ ಹೊಡೆಯುತ್ತಾನೆ, ಆ ನಾಲ್ಕರಲ್ಲಿ ಒಂದಾದರೂ 1 ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 18.5. ಅಂದರೆ ಐದಾರು ಸುತ್ತಿಗೊಮ್ಮೆ ಮಹಾಶೂರನ ಕತ್ತಿ ನೆಲದ ಮೇಲೆ. ಕಲಿತಷ್ಟೂ ಕೈ ನಡುಗುವ ವಿದ್ಯೆ! ಮಂತ್ರವಾದಿಯ ಕಥೆಯೇ ಬೇರೆ. ಅವನ ಎಷ್ಟೋ ಮಂತ್ರಗಳಿಗೆ ದಾಳ ಉರುಳಿಸಬೇಕಾದವನು ತಪ್ಪಿಸಿಕೊಳ್ಳುವ ಶತ್ರು, ಅವನಲ್ಲ. ಅವನ ಕೈಯಿಂದ ಏನೂ ಜಾರುವುದೇ ಇಲ್ಲ. ನಗು ಬೇಕೇ ಬೇಕು ಅಂದರೆ ಸರದಿಯ ಮೊದಲ ಏಟಿಗೆ ಮಾತ್ರ ಈ ನಿಯಮ ಇಡಿ. ನಾನಂತೂ ಕಿತ್ತು ಹಾಕಿದೆ.

ಪ್ರಶ್ನೆ: ಒಂದು ಇಪ್ಪತ್ತು ಮುಖದ ದಾಳದ ಬದಲು ಮೂರು ಆರು ಮುಖದ ದಾಳ ಬಳಸಿದರೆ ಅದೃಷ್ಟದ ಆಟ ಕಡಿಮೆಯಾಗುತ್ತದಾ?

ಉತ್ತರ: ಆಗುತ್ತದೆ, ಆದರೆ ನಿಮ್ಮ ಬೋನಸ್‌ಗಳೆಲ್ಲ ಹದ ತಪ್ಪುತ್ತವೆ. 11 ಅಥವಾ ಮೇಲೆ ಬೀಳಬೇಕು ಅಂದರೆ ಎರಡರಲ್ಲೂ ನೂರಕ್ಕೆ 50. ಅದಕ್ಕೆ 2ರ ಬೋನಸ್ ಕೊಡಿ. ಇಪ್ಪತ್ತರ ದಾಳದಲ್ಲಿ ಅದು 60 ಆಗುತ್ತದೆ, ಮೂರು ದಾಳದಲ್ಲಿ 74! 16 ಅಥವಾ ಮೇಲೆ ಬೇಕು ಅನ್ನಿ, ಅಲ್ಲಿ 25, ಇಲ್ಲಿ 5ಕ್ಕೂ ಕಡಿಮೆ. ಮಧ್ಯದ ಅಂಕಿಗಳೇ ಪದೇ ಪದೇ ಬೀಳುವುದರಿಂದ ಹೀಗೆ. ಪಳಗಿದವರು ಪಳಗಿದವರಂತೆ ಕಾಣಬೇಕು ಅನ್ನುವ ಆಟಕ್ಕೆ ಇದು ಚೆನ್ನಾಗಿ ಹೊಂದುತ್ತದೆ, 1986ರ ಗರ್ಪ್ಸ್ ಅನ್ನುವ ಆಟ ನಡೆಯುವುದೇ ಮೂರು ದಾಳದ ಮೇಲೆ. ಆದರೆ ಇಪ್ಪತ್ತು ಬಿತ್ತು ಅಂತ ಇಡೀ ಟೇಬಲ್ ಎದ್ದು ಕೂಗುವ ಗಳಿಗೆ ಇದೆಯಲ್ಲ, ಅದು ಇಪ್ಪತ್ತಕ್ಕೊಂದು ಸಲ ಸಿಗುತ್ತಿತ್ತು. ಮೂರು ಆರು ಒಟ್ಟಿಗೆ ಬೀಳುವುದು 216ಕ್ಕೆ ಒಂದು ಸಲ. ನನಗೆ ಆ ಕೂಗಾಟ ಬೇಕು, ನಿಮಗೆ ಬೇಡದಿದ್ದರೆ ಬದಲಿಸಿ.

ಪ್ರಶ್ನೆ: ಲೆವೆಲ್ ಏರಿದಂತೆ ಮಂತ್ರವಾದಿ ಎಲ್ಲರನ್ನೂ ಮೀರಿಸುತ್ತಾನೆ. ಯೋಧನ ಪೆಟ್ಟು ಎರಡರಷ್ಟು ಮಾಡಲೇ?

ಉತ್ತರ: ತಡೆಯಿರಿ. ದಿನಕ್ಕೆ ಎಷ್ಟು ಕಾಳಗ ಆಡಿಸುತ್ತೀರಿ? ಒಂದೇ ಆದರೆ ಗುಟ್ಟು ಅಲ್ಲೇ ಇದೆ. ಮಂತ್ರಗಳು ರಾತ್ರಿ ಮಲಗಿ ಎದ್ದರೆ ವಾಪಸ್ ಬರುತ್ತವೆ, ಹಾಗಾಗಿ ಅವನು ಇದ್ದಬದ್ದದ್ದನ್ನೆಲ್ಲ ಒಂದೇ ಕಾಳಗದಲ್ಲಿ ಸುರಿದುಬಿಡುತ್ತಾನೆ. ಯೋಧನ ಕತ್ತಿಗೆ ಅಂಥ ಲೆಕ್ಕವಿಲ್ಲ, ಅವನ ಬೆಲೆ ಗೊತ್ತಾಗುವುದು ನಾಲ್ಕನೇ ಕಾಳಗದ ಹೊತ್ತಿಗೆ. ಪೆಟ್ಟು ಮುಟ್ಟಬೇಡಿ, ವಿಶ್ರಾಂತಿಯನ್ನು ಮುಟ್ಟಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯ ಗೇಮ್ ಮಾಸ್ಟರ್ ಪುಸ್ತಕದಲ್ಲೇ ಇಂಥದ್ದೊಂದು ಆಯ್ಕೆ ಇದೆ: ಚಿಕ್ಕ ವಿಶ್ರಾಂತಿಗೆ ಎಂಟು ಗಂಟೆ, ದೊಡ್ಡದಕ್ಕೆ ಏಳು ದಿನ. ಮಂತ್ರವಾದಿ ಒಂದೊಂದು ಮಂತ್ರಕ್ಕೂ ಕೈ ಬಿಗಿ ಹಿಡಿಯುವುದನ್ನು ನೋಡುವುದೇ ಒಂದು ಖುಷಿ.

ಪ್ರಶ್ನೆ: ತಿದ್ದಿದ ನಿಯಮಗಳನ್ನು ಪುಸ್ತಕ ಮಾಡಿ ಮಾರಬಹುದಾ?

ಉತ್ತರ: ಸಾಮಾನ್ಯವಾಗಿ ಆಡುವ ವಿಧಾನಕ್ಕೆ ಕಾಪಿರೈಟ್ ಇರುವುದಿಲ್ಲ, ಅದನ್ನು ಬರೆದ ವಾಕ್ಯಗಳಿಗೆ ಇರುತ್ತದೆ. ಹಾಗಾಗಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆ, ಎಸ್‌ಆರ್‌ಡಿ 5.1, ಜನವರಿ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಡುಗಡೆಯಾಗಿದೆ. ಮೂಲ ಯಾರದ್ದು ಅಂತ ಲೈಸೆನ್ಸ್ ಕೇಳುವ ಹಾಗೆ ನಮೂದಿಸಿದರೆ ಅದರ ವಾಕ್ಯಗಳನ್ನೂ ಬಳಸಿ ಮಾರಬಹುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಹೆಸರು ಮಾತ್ರ ಟ್ರೇಡ್‌ಮಾರ್ಕ್, ಅದನ್ನು ನಿಮ್ಮ ಪುಸ್ತಕದ ಹೆಸರಿಗೆ ಅಂಟಿಸಬೇಡಿ.