ಪ್ರತಿಕ್ರಿಯೆ: ಎನ್‌ಕ್ರುಮಾ ಅಧಿಕಾರಕ್ಕೆ ಬಂದದ್ದು 1951, 1957, 1960, ಯಾವುದು ಸರಿ?

ಮೂರೂ ಸರಿ, ಹುದ್ದೆಗಳು ಬೇರೆ. ಮಗಳ ಶಾಲಾ ಭಾಷಣಕ್ಕೆ ಪಶ್ಚಿಮ ಆಫ್ರಿಕಾದ ಘಾನಾ ದೇಶದ ನಾಯಕ ಕ್ವಾಮೆ ಎನ್‌ಕ್ರುಮಾ ಬಗ್ಗೆ ಹುಡುಕಿದಾಗ ನಿಮಗೆ ಮೂರು ವರ್ಷ ಸಿಕ್ಕಿದ್ದಕ್ಕೆ ಬಹುಶಃ ಇದೇ ಕಾರಣ. ಇಲ್ಲಿ ಮಕ್ಕಳಿಗೆ ಭಾಷಣ ಬರೆಸುವಾಗ ಈ ಗೊಂದಲ ನನಗೂ ಎದುರಾಗಿದೆ.

ಮೊದಲು 1951 ಹೇಳಿಸಿ. ಆಗ ಆ ದೇಶ ಗೋಲ್ಡ್ ಕೋಸ್ಟ್ ಎಂಬ ಹೆಸರಿನ ಬ್ರಿಟಿಷ್ ವಸಾಹತು. ಎನ್‌ಕ್ರುಮಾ ರಾಜಧಾನಿ ಆಕ್ರಾದ ಜೇಮ್ಸ್ ಫೋರ್ಟ್ ಜೈಲಿನಲ್ಲಿದ್ದುಕೊಂಡೇ ಚುನಾವಣೆ ಗೆದ್ದರು. ಜೈಲಿಗೆ ಹಾಕಿದ ಸರ್ಕಾರವೇ ಬಿಡುಗಡೆ ಮಾಡಿ, ಆಡಳಿತ ನಡೆಸಲು ಕರೆಯಿತು. ಮಕ್ಕಳು ಕಿವಿಗೊಟ್ಟು ಕೇಳುವ ಭಾಗ ಇದೇ. ಸಮಯ ಜಾಸ್ತಿ ಇದಕ್ಕೇ ಕೊಡಿ. 1952ರಲ್ಲಿ ಪ್ರಧಾನಿಯಾದರು.

ಆಮೇಲೆ ಸ್ವಾತಂತ್ರ್ಯ: 1957 ಮಾರ್ಚ್ 6. ಈಗ ಇವರು ಸ್ವತಂತ್ರ ಘಾನಾದ ಪ್ರಧಾನಿ, ಆದರೂ ಬ್ರಿಟನ್ ರಾಣಿಯೇ ದೇಶದ ಮುಖ್ಯಸ್ಥೆ. 1960 ಜುಲೈ 1ಕ್ಕೆ ಘಾನಾ ಗಣರಾಜ್ಯ ಆಯಿತು, ಇವರು ಅಧ್ಯಕ್ಷರಾದರು. ಕಲಬುರಗಿ ಮಕ್ಕಳಿಗೆ ಇದು ಬೇಗ ಹೊಳೆಯುತ್ತೆ. ನಾವು ಆಗಸ್ಟ್ 15ಕ್ಕೂ ಬಾವುಟ ಹಾರಿಸುತ್ತೇವೆ, ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ಸೆಪ್ಟೆಂಬರ್ 17ಕ್ಕೂ ಹಾರಿಸುತ್ತೇವೆ, ಎರಡಕ್ಕೂ ಬೇರೆ ಕಥೆ ಅಲ್ವಾ?

ಸುಮ್ನೆ ಹೊಗಳಿ ನಿಲ್ಲಿಸಬೇಡಿ. 1964ರಲ್ಲಿ ದೇಶದಲ್ಲಿ ಒಂದೇ ಪಕ್ಷ ಉಳಿಸಿದರು. ವಿಚಾರಣೆಯಿಲ್ಲದೆ ಜನರನ್ನು ಒಳಗೆ ಹಾಕುವ ಕಾನೂನು ಅದಕ್ಕೂ ಮೊದಲೇ ಇತ್ತು. 1966 ಫೆಬ್ರವರಿ 24ರಂದು ಅವರು ವಿದೇಶದಲ್ಲಿದ್ದಾಗ ಸೈನ್ಯ, ಪೊಲೀಸರು ಸೇರಿ ಇಳಿಸಿದರು. 1972ರಲ್ಲಿ ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ತೀರಿಕೊಂಡರು.

ಹುಟ್ಟಿದ ದಿನ ಅವರಿಗೇ ಖಚಿತವಾಗಿ ಗೊತ್ತಿರಲಿಲ್ಲ. 1909 ಎಂದಷ್ಟೇ ಹೇಳಿಸಿ, ಸಾಕು.